ಕ್ಯಾಂಪ್ ಗಾಡಿಗೆ ಇಂಜೆಕ್ಷನ್

ಚೌತಿ ಕಳೆದು ಮೂರು ದಿನ ಆಗಿತ್ತು. ಎಕ್ಕಂಬಿಯ ಕೆರಿಯನ ಮನೆಯಲ್ಲಿ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಅವನ ಹೆಂಡತಿ ವೆಂಕಮ್ಮ ಮಗ ನಂದನನ ಬಟ್ಟಲಿಗೆ ಅನ್ನ ಹಾಕಿ ಸಾರಿನ ಸೌಟು ಎತ್ತುವಷ್ಟರಲ್ಲಿ ಅವನು ಶೆಡ್ಡಿನ ಮಾತು ತೆಗೆದ.

"ಸಿಮೆಂಟಿನ ಸುಭಾಷ್ ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದ. ನಮ್ಮ ಶೆಡ್ ಅವನಿಗೆ ಗೋಡೌನಿಗೆ ಬೇಕಂತೆ. ಗಾಡಿ ಗುಜರಿಗೆ ಹಾಕಿ ಜಾಗ ಖಾಲಿ ಮಾಡಿಕೊಡ್ತೆ ಅಂದೆ."

ಕೆರಿಯ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಬಟ್ಟಲಿಗೇ ಇಳಿಸಿದ. "ಯಾರ ಗಾಡಿ?"

"ನಿಂದೇ. ಹನ್ನೊಂದು ವರ್ಷ ಆಯ್ತು, ಕೋಳಿ ಬಿಟ್ರೆ ಯಾರೂ ಹತ್ತಿಲ್ಲ ಅದನ್ನ."

"ಕೋಳಿಗಾದ್ರೂ ಬೇಕಲ್ಲ!"

ಅದೇನು ದಾರಿಯಲ್ಲಿ ಕಾಣುವಂಥ ಗಾಡಿಯಲ್ಲ. ಕಾಡಿನಲ್ಲಿ ಸರ್ವೆ ಮಾಡುವ ಸಾಹೇಬರು ವಾರಗಟ್ಟಲೆ ಉಳಿಯಲಿ ಎಂದು ಒಂದು ಕಾಲದಲ್ಲಿ ಕಟ್ಟಿಸಿದ, ಮನೆಯಂಥ ವ್ಯಾನು. ಒಳಗೆ ಎರಡು ಮಂಚ, ಮಡಚುವ ಮೇಜು, ಒಲೆ ಇಡುವ ಕಟ್ಟೆ, ತಲೆಯ ಮೇಲೆ ನೀರಿನ ಟಾಂಕಿ. ಮುಂದೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಕೆರಿಯ ಹರಾಜಿನಲ್ಲಿ ಅದನ್ನು ಹಿಡಿದಾಗ ನಂದನ ಇನ್ನೂ ತೊಟ್ಟಿಲಲ್ಲಿದ್ದ. ಊರವರು ಅದನ್ನು ಕ್ಯಾಂಪ್ ಗಾಡಿ ಎಂದರು. ಆಮೇಲೆ ಮೂವತ್ತೈದು ಬೇಸಿಗೆ ಕೆರಿಯ ಅದರಲ್ಲಿ ಸಾಮಾನು ತುಂಬಿಕೊಂಡು ಸಿದ್ದಾಪುರ, ಯಲ್ಲಾಪುರದ ಕಡೆ ಪಂಪ್‌ಸೆಟ್ ರಿಪೇರಿಗೆ ಹೋದ. ವೆಂಕಮ್ಮ ಆ ಕಟ್ಟೆಯ ಮೇಲೆ ಗಂಜಿ ಬೇಯಿಸಿದಳು, ಆ ಮಂಚದ ಮೇಲೆ ಮಗನನ್ನು ಮಲಗಿಸಿದಳು. ಬೋಲ್ಟು ತಿರುಗಿಸಲು ಹನ್ನೆರಡರ ಪಾನ, ಹದಿಮೂರರ ಪಾನ ಎಂದು ಗಂಡ ಗಾಡಿಯಡಿಯಿಂದ ಕೈ ಚಾಚಿದಾಗಲೆಲ್ಲ ಹುಡುಕಿ ಕೊಟ್ಟು ಕೊಟ್ಟೇ ಅವಳು ಅಂಕಿ ಓದಲು ಕಲಿತದ್ದು.

"ನಂಗೆ ದೀಪಾವಳಿ ತನಕ ಟೈಮ್ ಕೊಡು ಅಪ್ಪಾ."

ಮಾತಾಡಿದವಳು ನಂದನನ ಮಗಳು ರಕ್ಷಿತಾ. ಇಪ್ಪತ್ತಮೂರು ವರ್ಷ. ಸಿದ್ದಾಪುರದಲ್ಲಿ ಐಟಿಐ ಮುಗಿಸಿ ಮೂರು ವರ್ಷ ಪೇಟೆಯ ಒಂದು ಬೈಕ್ ಸರ್ವೀಸ್ ಸೆಂಟರಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದವಳು. 'ಹೆಣ್ಣುಮಗಳಿಗೆ ಗ್ರೀಸ್ ಎಂತಕ್ಕೆ, ಕೌಂಟರಿನಲ್ಲಿ ಕೂತು ಬಿಲ್ ಮಾಡು' ಎಂದು ಅಲ್ಲಿನವರು ಹೇಳಿದ ದಿನ ಸಂಜೆಯೇ ಬಿಟ್ಟು ಮನೆಗೆ ಬಂದಿದ್ದಳು. ಬಂದು ಒಂದು ತಿಂಗಳಾಗಿತ್ತು.

"ಟೈಮ್ ಕೊಟ್ರೆ ಎಂತ ಮಾಡ್ತೆ?" ಎಂದ ನಂದನ.

"ಕ್ಯಾಂಪ್ ಗಾಡಿ ಓಡಿಸಿ ತೋರಿಸ್ತೆ. ಆಮೇಲೆ ಶೆಡ್ ನಂಗೆ ಕೊಡು. ಗ್ಯಾರೇಜ್ ಹಾಕ್ತೆ."

ನಂದನ ಜೋರಾಗಿ ನಕ್ಕ. ಅವನೂ ಗಾಡಿಯವನೇ. ದಿನಾ ಸಿರ್ಸಿಯಿಂದ ಹುಬ್ಬಳ್ಳಿಗೆ ಗೂಡ್ಸ್ ಟೆಂಪೋ ಓಡಿಸುವವನು. "ಓಡೋದು ಅಂದ್ರೆ ಅಂಗಳದಲ್ಲಿ ಒಂದು ಸುತ್ತು ಅಲ್ಲ ಮಾರಾಯ್ತಿ. ಅರಬೈಲು ಘಟ್ಟ ಇಳಿದು ಮೇಲೆ ಹತ್ತಬೇಕು. ಎಂಜಿನ್ ಕೈ ಕೊಡಬಾರದು. ಸ್ಟೇರಿಂಗ್ ನಾನೇ ಹಿಡೀತೆ, ನಂಗೆ ಮೋಸ ಆಗಬಾರದು."

"ಕೈ ಕೊಟ್ರೆ?"

"ಗಾಡಿ ಗುಜರಿಗೆ, ಶೆಡ್ ಸುಭಾಷನಿಗೆ, ನೀನು ಕೌಂಟರಿಗೆ."

"ಆಯ್ತು," ಎಂದಳು ಹುಡುಗಿ, ಉಪ್ಪಿನಕಾಯಿ ಬೇಕಾ ಎಂದು ಕೇಳಿದವರಿಗೆ ಹೇಳುವ ಹಾಗೆ.

ಕೆರಿಯನ ಮುಖ ಅರಳಿತ್ತು. ಮೊಮ್ಮಗಳ ಬೆನ್ನು ತಟ್ಟಿ, "ನಾಳೆಯೇ ಕಾರ್ಬೊರೇಟರ್ ಬಿಚ್ಚಿ ತೊಳೆಯುವ. ನಾನು ಇರ್ತೆ ನಿನ್ನ ಸಂಗಡ," ಎಂದ.

"ಬಿಚ್ಚುವ ಅಜ್ಜಾ. ಆದ್ರೆ ಮತ್ತೆ ಕೂಡ್ಸೂದಿಲ್ಲ. ಅದರ ಜಾಗದಲ್ಲಿ ಇಂಜೆಕ್ಷನ್ ಹಾಕ್ತೆ."

ಕೆರಿಯ ಬಟ್ಟಲಿಗೆ ನೀರು ಹೊಯ್ದು ಎದ್ದೇಬಿಟ್ಟ. ಆ ದಿನದ ಮೀನಿನ ಸಾರು ಹಾಗೇ ಉಳಿಯಿತು.

ಅವನ ಸಿಟ್ಟಿಗೂ ಕಾರಣ ಇತ್ತು. ಸುತ್ತ ಹತ್ತು ಹಳ್ಳಿಯಲ್ಲಿ ಕೆರಿಯನ ಹೆಸರು ನಿಂತಿದ್ದೇ ಕಾರ್ಬೊರೇಟರಿನ ಮೇಲೆ. ಗಾಳಿಗೆ ಪೆಟ್ರೋಲ್ ಬೆರೆಸುವ ಅದರ ಸಣ್ಣ ಸ್ಕ್ರೂ ಒಂದನ್ನು ಕಿವಿಗೊಟ್ಟು ಕೇಳುತ್ತ ಕಾಲು ಸುತ್ತು ತಿರುಗಿಸಿದನೆಂದರೆ ಕೆಮ್ಮುವ ಎಂಜಿನ್ ಸರಿಯಾಗಿ ಮಾತಾಡುತ್ತಿತ್ತು. ಆದರೆ ಘಟ್ಟದ ಏರಿನಲ್ಲಿ ಮಾತ್ರ ಅವನ ಕಿವಿ ಸೋಲುತ್ತಿತ್ತು. ಎಂಜಿನ್ ಕಾದು, ಪೈಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾಗಿ, ಕಾರ್ಬೊರೇಟರಿಗೆ ಹನಿ ಪೆಟ್ರೋಲ್ ಬಾರದೆ ಗಾಡಿ ನಿಂತುಬಿಡುತ್ತಿತ್ತು. ಆಗ ವೆಂಕಮ್ಮ ಇಳಿದು, ಎಂಜಿನ್ನಿನ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಚೆಂಬಿನಿಂದ ನೀರು ಹನಿಸುತ್ತ ಕೂರಬೇಕು. ಬೇಗ ಆವಿಯಾಗುವ ಈಗಿನ ಪೆಟ್ರೋಲ್ ಬಂದ ಮೇಲಂತೂ ಅರಬೈಲಿನ ಒಂದು ಏರಿಗೆ ನಾಲ್ಕು ಸಲ ಇಳಿಯಬೇಕಾಯಿತು. ನಾಲ್ಕನೇ ಸಲ ಇಳಿದ ದಿನವೇ ಗಾಡಿ ಶೆಡ್ ಸೇರಿದ್ದು. ಅದನ್ನು ಕೆರಿಯ ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ವೆಂಕಮ್ಮನೂ ಹೇಳಲಿಲ್ಲ.

ಮರುದಿನದಿಂದ ಶೆಡ್ಡಿನಲ್ಲಿ ಗಲಾಟೆಯೇ ಗಲಾಟೆ. ಮೊದಲು ಕೋಳಿ ಓಡಿಸುವ ಗಲಾಟೆ, ಆಮೇಲೆ ಅಜ್ಜ-ಮೊಮ್ಮಗಳ ಗಲಾಟೆ. ಕೆರಿಯ ಒಳಗೆ ಕಾಲಿಡಲಿಲ್ಲ. ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು, ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು, ಒಳಗಿನ ಒಂದೊಂದು ಸದ್ದಿಗೂ ಒಂದೊಂದು ಮಾತು ಎಸೆಯುತ್ತಿದ್ದ.

"ಆ ಬೋಲ್ಟು ಎಡಕ್ಕೆ ಬರೂದಿಲ್ಲ."

"ಬಂತು ಅಜ್ಜಾ."

"ಬಂದ್ರೆ ಕಟ್ ಆಗಿ ಬಂದಿದೆ."

"ಇಡಿಯಾಗೇ ಬಂತು. ಬೇಕಾದ್ರೆ ಬಂದು ನೋಡು."

"ನಂಗೆಂತಕ್ಕೆ?"

ವೆಂಕಮ್ಮ ಇಬ್ಬರಿಗೂ ಚಾ ತಂದುಕೊಡುವಾಗ ಒಳಗೆ ಇಣುಕುತ್ತಿದ್ದಳು. ಹುಬ್ಬಳ್ಳಿಯ ಗುಜರಿಯಿಂದ, ಅಪ್ಪನ ಟೆಂಪೋದಲ್ಲೇ, ಒಂದು ಹಳೆಯ ಕಾರಿನ ಸಾಮಾನು ಬಂದಿಳಿದಿತ್ತು. ಕಾರ್ಬೊರೇಟರ್ ಕೂತಿದ್ದ ತೂತಿನ ಮೇಲೆ ಕೂರುವ ಅಲ್ಯುಮಿನಿಯಮ್ಮಿನ ಗಂಟಲು, ಅದರಲ್ಲಿ ಪೆಟ್ರೋಲ್ ಚಿಮ್ಮುವ ಎರಡು ಇಂಜೆಕ್ಟರು, ಕರೆಂಟಿನ ಪಂಪು, ಮಾರುದ್ದದ ವಯರುಗಳು. ಎಲ್ಲಕ್ಕೂ ಯಜಮಾನನ ಹಾಗೆ ಒಂದು ಸಣ್ಣ ಕಪ್ಪು ಪೆಟ್ಟಿಗೆ.

"ಇದು ಎಂತ ಮಾಡ್ತದೆ?" ಎಂದು ವೆಂಕಮ್ಮ ಕೇಳಿದಳು.

ರಕ್ಷಿತಾ ಹೊರಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದಳು. "ಅಜ್ಜ ಕಿವಿಗೊಟ್ಟು ಮಾಡ್ತಿದ್ದ ಕೆಲಸವನ್ನೇ ಮಾಡ್ತದೆ ಅಮ್ಮಮ್ಮಾ. ಎಂಜಿನ್ ಎಷ್ಟು ಬಿಸಿ ಇದೆ, ಎಷ್ಟು ಗಾಳಿ ಎಳೀತು, ಹೊಗೆ ಹೆಂಗಿದೆ, ಎಲ್ಲ ವಯರಿನಲ್ಲಿ ಕೇಳ್ತದೆ. ಕೇಳಿ, ಇಷ್ಟೇ ಪೆಟ್ರೋಲ್ ಬಿಡು ಅಂತ ಇಂಜೆಕ್ಟರಿಗೆ ಹೇಳ್ತದೆ. ಗಾಡಿ ಘಟ್ಟ ಹತ್ತುವಾಗ ಅಜ್ಜ ಬಾನೆಟ್ ಒಳಗೆ ಕೂರೂಕೆ ಆಗ್ತದಾ? ಇದು ಕೂತಿರ್ತದೆ."

"ಮತ್ತೆ ಪೆಟ್ರೋಲ್ ಕುದಿಯೂದು?" ಹೊರಗಿನಿಂದ ಪ್ರಶ್ನೆ ಬಂತು.

"ಪಂಪು ಒತ್ತಿ ಒತ್ತಿ ಕಳಿಸ್ತದೆ ಅಜ್ಜಾ. ಉಳಿದದ್ದು ಇನ್ನೊಂದು ಪೈಪಿನಲ್ಲಿ ತಿರುಗಿ ಟ್ಯಾಂಕಿಗೆ ಹೋಗ್ತದೆ. ನಿಂತ್ರಲ್ವಾ ಕುದಿಯೂಕೆ!"

ಕೆರಿಯ ಬೀಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ.

ನವರಾತ್ರಿಯ ಹೊತ್ತಿಗೆ ಜಗಳ ಅಡುಗೆಮನೆಗೂ ಬಂತು. ಗಾಡಿಯ ಪೆಟ್ರೋಲ್ ಟ್ಯಾಂಕಿನೊಳಗೆ ಬೆರಳು ದಪ್ಪ ತುಕ್ಕು. ಆ ತುಕ್ಕಿನ ಪುಡಿ ಇಂಜೆಕ್ಟರಿನ ಸೂಜಿಕಣ್ಣಿಗೆ ಹೋಯಿತೋ, ಕೆಲಸ ಕೆಟ್ಟಿತು. ರಕ್ಷಿತಾ ಅಟ್ಟ ಹತ್ತಿ ಭರಣಿಯಲ್ಲಿದ್ದ ಒಣಗಿದ ವಾಟೆಹುಳಿಯನ್ನೆಲ್ಲ ಹಂಡೆಗೆ ಸುರಿದು ಕುದಿಸಿ, ಆ ನೀರನ್ನು ಟ್ಯಾಂಕಿಗೆ ಹೊಯ್ದು, ಹಿಡಿ ಜಲ್ಲಿ ಹಾಕಿ, ಎರಡು ದಿನ ಉರುಳಿಸಿದಳು. ಅವಳ ತಾಯಿ ರೋಹಿಣಿ ಮೂರನೇ ದಿನ ಮೀನಿಗೆ ಹುಳಿ ಹಾಕಲು ಭರಣಿಗೆ ಕೈ ಹಾಕಿದರೆ ಬರೀ ತಳ ಕೈಗೆ ತಾಗಿತು.

"ಇಡೀ ವರ್ಷದ ಹುಳಿ!" ರೋಹಿಣಿ ಭರಣಿ ಹಿಡಿದುಕೊಂಡೇ ಶೆಡ್ಡಿಗೆ ಹೋದಳು. "ಹೇರೂರಿಂದ ನನ್ನ ಅಪ್ಪ ಹೊತ್ಕೊಂಡು ಬಂದದ್ದು. ಗಾಡಿಗೆ ಕುಡಿಸಿದ್ಯೇನೇ?"

"ಆಯೀ, ಒಳಗೆ ನೋಡು ಒಂದು ಸಲ. ಟಾರ್ಚ್ ಬಿಡ್ತೆ."

ರೋಹಿಣಿ ಬಗ್ಗಿ ನೋಡಿದಳು. ಟ್ಯಾಂಕಿನ ಒಳಗೆ ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. "ಹೌದನಾ! ನಮ್ಮ ತಾಮ್ರದ ಕೊಡವೂ ಇಷ್ಟು ಹೊಳೆಯೂದಿಲ್ಲ," ಎಂದಳು. ಮತ್ತೆ ಸಿಟ್ಟು ನೆನಪಾಗಿ, "ಇವತ್ತಿನ ಮೀನಿಗೆ ನಿನ್ನ ಪೆಟ್ರೋಲ್ ಹಾಕ್ತೆ, ತಿನ್ನು," ಎಂದು ಸೆರಗು ಕೊಡವಿ ಹೋದಳು.

ಕೆರಿಯ ಶೆಡ್ಡಿನೊಳಗೆ ಬಂದದ್ದು ವೆಲ್ಡಿಂಗಿನ ದಿನ. ಹೊಗೆಯ ಪೈಪಿಗೆ ತೂತು ಕೊರೆದು, ಹೊಗೆ ಮೂಸುವ ಸೆನ್ಸರ್ ಕೂರಲು ಒಂದು ಉಂಗುರ ಬೆಸೆಯಬೇಕಿತ್ತು. ರಕ್ಷಿತಾ ಎರಡು ಸಲ ಬೆಸೆದಳು, ಎರಡು ಸಲವೂ ಸಂದಿನಲ್ಲಿ ಹೊಗೆ ಬಂತು. ಮೂರನೇ ಸಲ ರಾಡ್ ಹಿಡಿಯುವಾಗ ಸ್ಟೂಲ್ ಸರಿದ ಸದ್ದು ಕೇಳಿತು.

"ಸರಿ ಆಚೆ. ಹಪ್ಪಳ ಸುಡ್ತಾ ಇದ್ಯೇನೇ?"

"ಕಾರ್ಬೊರೇಟರ್ ತೆಗೆದ ಗಾಡಿ ಮುಟ್ಟೂದಿಲ್ಲ ಅಂದಿದ್ಯಲ್ಲ ಅಜ್ಜಾ?"

"ಪೈಪು ಮುಟ್ತೆ. ಪೈಪಿಗೂ ಕಾರ್ಬೊರೇಟರಿಗೂ ಸಂಬಂಧ ಇಲ್ಲ."

ವೆಂಕಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿ ನಕ್ಕಳು. ಆ ದಿನ ಪೈಪು ಮುಟ್ಟಿದವನು ಮರುದಿನ ಗ್ಯಾಸ್ಕೆಟ್ ಮುಟ್ಟಿದ, ಅದರ ಮರುದಿನ ಪೆಟ್ರೋಲ್ ಪೈಪು ಎಂಜಿನ್ನಿಗೆ ತಾಗದಂತೆ ದೂರದಿಂದ ಬಾಗಿಸಿ ತಂದ. ಊಟಕ್ಕೆ ಕೂತರೂ ಅದೇ ಮಾತು.

"ಈ ಪಂಪು ಎಷ್ಟು ಒತ್ತಡ ಕೊಡ್ತದೆ ಅಂದೆ?"

"ಮೂರು ಬಾರ್."

"ನಂದು ಕಾಲು ಬಾರ್ ಸಹ ಕೊಡ್ತಿರಲಿಲ್ಲ! ರೋಹಿಣಿ, ಅನ್ನ ಹಾಕು."

"ಮಾವಾ, ಎರಡು ಸಲ ಹಾಕ್ದೆ. ನೀವು ನೋಡ್ಲಿಲ್ಲ."

ದೀಪಾವಳಿಗೆ ಒಂಬತ್ತು ದಿನ ಇರುವಾಗ ಬೆಳಿಗ್ಗೆ ಮೊದಲ ಸಲ ಕೀ ತಿರುಗಿಸಿದರು. ಪಂಪು ಜುಂಯ್ ಎಂದು ಎರಡು ಉಸಿರು ಕೂಗಿ ನಿಂತಿತು. ಆಮೇಲೆ ಸ್ಟಾರ್ಟರ್ ತಿರುಗಿತು. ಎಂಜಿನ್ ಒಂದು ಸಲ ಸೀನಿತು, ನಡುಗಿತು, ಶೆಡ್ಡಿನ ತಗಡೆಲ್ಲ ಗದಗದ ಎಂದಿತು. ರಕ್ಷಿತಾ ಮಡಿಲಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು, ಇನ್ನೊಂದು ಒತ್ತಿದಳು. ಗದಗದ ಹೋಗಿ ಒಂದೇ ಹದದ ಗುಂಯ್ ಉಳಿಯಿತು.

ಕೆರಿಯ ಹೆಂಡತಿಯ ಕೈಯಿಂದ ಚಾದ ಲೋಟ ಕಿತ್ತುಕೊಂಡು ಎಂಜಿನ್ ಮೇಲಿಟ್ಟ. ಎಲ್ಲರೂ ಬಗ್ಗಿದರು. ಚಾದ ಮೇಲೆ ಸಣ್ಣ ಉಂಗುರಗಳೆದ್ದವು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

"ಬಂತಲ್ಲೇ!" ಕೆರಿಯ ಕುಣಿದೇಬಿಟ್ಟ. ಎಪ್ಪತ್ತೆರಡರ ಮುದುಕ, ಲುಂಗಿ ಎತ್ತಿ ಕಟ್ಟಿಕೊಂಡು! "ಚೋಕ್ ಎಳೀಲಿಲ್ಲ, ಪಂಪ್ ಹೊಡೀಲಿಲ್ಲ, ಬಂತಲ್ಲೇ!"

ನಂದನ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ಉಗುಳಿ ಬಂದು, "ಶೆಡ್ಡಲ್ಲಿ ಎಲ್ಲವೂ ಓಡ್ತದೆ. ಘಟ್ಟದಲ್ಲಿ ನೋಡುವ," ಎಂದ. ಆದರೆ ಹೋಗುವ ಮೊದಲು ಎಂಜಿನ್ ಮೇಲಿದ್ದ ಲೋಟವನ್ನು ಇನ್ನೊಮ್ಮೆ ಬಗ್ಗಿ ನೋಡಿದ್ದನ್ನು ವೆಂಕಮ್ಮ ಕಂಡಳು.

ದೀಪಾವಳಿ ಬಂತು. ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ವೆಂಕಮ್ಮ ಗೇರೆಣ್ಣೆ ಹಚ್ಚುವುದು ಆಗಲೇ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಕಬ್ಬಿಣಕ್ಕೆ ತಾಗಿದರೆ ವರ್ಷವಿಡೀ ತುಕ್ಕು ಹಿಡಿಯಲು ಬಿಡುವುದಿಲ್ಲ. ಅವಳ ಅತ್ತೆ ಹಚ್ಚುತ್ತಿದ್ದರು, ಅವರ ಅತ್ತೆಯೂ ಹಚ್ಚುತ್ತಿದ್ದರು. ಮಳೆ ನಿಂತ ಮೇಲೆ ಕತ್ತಿ, ಗುದ್ದಲಿ, ಹಾರೆ, ಈಳಿಗೆಮಣೆ ಎಲ್ಲವನ್ನೂ ತೊಳೆದು ಒಣಗಿಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಬಟ್ಟೆಯ ಜುಂಗಿನಲ್ಲಿ ಗೇರೆಣ್ಣೆ ಅದ್ದಿ ತಿಕ್ಕಿಟ್ಟರೆ ಹಬ್ಬದ ದಿನ ಪೂಜೆಗೆ ಇಡಬಹುದು.

ಹಬ್ಬದ ಸ್ನಾನಕ್ಕೆ ಹಂಡೆಯಲ್ಲಿ ಬೂರೆ ನೀರು ತುಂಬುವ ದಿನ ಮಧ್ಯಾಹ್ನ ಎಲ್ಲ ಮುಗಿಸಿ ಅವಳು ಗಾಡಿಯ ಹತ್ತಿರ ಬಂದಳು. ಕ್ಯಾಂಪ್ ಗಾಡಿಯೂ ಕಬ್ಬಿಣವೇ ತಾನೇ. ರಕ್ಷಿತಾ, ಕೆರಿಯ ಇಬ್ಬರೂ ಪೇಟೆಗೆ ಹೋಗಿದ್ದರು. ಬಾಗಿಲ ತಿರುಗಣಿ, ಮೆಟ್ಟಿಲು, ಬಾನೆಟ್ಟಿನ ಕೊಂಡಿ ಎಲ್ಲಕ್ಕೂ ಹಚ್ಚಿದಳು. ಬಾನೆಟ್ ಎತ್ತಿದಾಗ ಎಂಜಿನ್ನಿನ ಮೈಮೇಲೆ, ಒಂದು ದಪ್ಪ ಕಪ್ಪು ವಯರು ಬಂದು ಬೋಲ್ಟಿಗೆ ಸೇರುವಲ್ಲಿ, ರೂಪಾಯಿ ಅಗಲದ ಜಾಗ ಬಣ್ಣವೆಲ್ಲ ಕಿತ್ತು ಬೆಳ್ಳಗೆ ಹೊಳೆಯುತ್ತಿತ್ತು.

"ಅಯ್ಯೋ ಹುಡುಗೀ, ಹೀಂಗೆ ಬೆತ್ತಲೆ ಬಿಟ್ಟರೆ ನಾಡಿದ್ದಿಗೆ ತುಕ್ಕು ಬರೂದಿಲ್ವೇನೇ?" ಎಂದು ಯಾರಿಗೂ ಅಲ್ಲದೆ ಹೇಳಿಕೊಂಡಳು.

ಮೇಲಿಂದ ಸವರಿ ಬಿಡುವವಳು ಅವಳಲ್ಲ. ಹದಿಮೂರರ ಪಾನ ತಂದು ಬೋಲ್ಟು ಬಿಚ್ಚಿ, ವಯರಿನ ಬಳೆಯ ಅಡಿಗೂ ಮೇಲಿಗೂ ದಟ್ಟವಾಗಿ ಎಣ್ಣೆ ಕೂರಿಸಿ, ಮತ್ತೆ ಬಿಗಿಯಾಗಿ ತಿರುಗಿಸಿದಳು. ಜುಂಗನ್ನು ಎಸೆದು, ಪಾನವನ್ನು ಅದರ ಜಾಗದಲ್ಲೇ ಇಟ್ಟಳು. ಪಾಡ್ಯದ ದಿನ ಎಂಜಿನ್ನಿಗೆ ಬಿಳಿ ಶೇಡಿ, ಕೆಮ್ಮಣ್ಣಿನ ಬೊಟ್ಟಿಟ್ಟು, ಪರಿಮಳದ ಪಚ್ಚೆತೆನೆಯ ಸರ ಕಟ್ಟಿ, ಗಾಡಿಗೆ ಆರತಿ ಎತ್ತಿದಾಗ ಅವಳಿಗೆ ಮನಸ್ಸು ತುಂಬಿತ್ತು.

ಪಾಡ್ಯ ಕಳೆದ ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಮನೆಯೆಲ್ಲ ಗಾಡಿ ಹತ್ತಿತು. ಮುಂದೆ ನಂದನ ಸ್ಟೇರಿಂಗ್ ಹಿಡಿದು, ಪಕ್ಕದಲ್ಲಿ ಕೆರಿಯ. ಹಿಂದೆ ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಕ್ಷಿತಾ, ಒಂದು ಮಂಚದ ಮೇಲೆ ರೋಹಿಣಿ, ಇನ್ನೊಂದರ ಮೇಲೆ ಅವಲಕ್ಕಿ ಡಬ್ಬಿ ಹಿಡಿದ ವೆಂಕಮ್ಮ. ಒಂದೇ ಕೀಗೆ ಎಂಜಿನ್ ಬಂತು. ಬೇಲಿಯ ಆಚೆಯಿಂದ ಪಕ್ಕದ ಮನೆಯ ಸಿದ್ದವ್ವ ಕೂಗಿದಳು. "ಎಲ್ಲಿಗ್ರೀ ವೆಂಕಮ್ಮಾ, ಮನಿ ಮಂದಿ ಎಲ್ಲಾ ಹೊಂಟ್ರಿ?"

"ಗಾಡಿ ಪರೀಕ್ಷೆಗೆ!"

"ಪಾಸಾಗಿ ಬರ್ರಿ!"

ಸಿರ್ಸಿ ದಾಟಿತು. ಯಲ್ಲಾಪುರದ ರಸ್ತೆಯಲ್ಲಿ ಗಾಡಿ ನೀರಿನ ಹಾಗೆ ಹೋಯಿತು. ಮುಂದೆ ಒಂದು ಟೆಂಪೋ ಕಂಡಾಗ ನಂದನನ ಕಾಲು ತಾನಾಗೇ ಒತ್ತಿತು. ಗಾಡಿ ಗುಂಯ್ಯೆಂದು ಟೆಂಪೋವನ್ನು ಹಿಂದೆ ಹಾಕಿದಾಗ ರೋಹಿಣಿ ಚಪ್ಪಾಳೆ ತಟ್ಟಿದಳು.

ಉಮ್ಮಚಗಿ ಇನ್ನೇನು ಬಂತು ಎನ್ನುವಾಗ ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೆ ಕೆಮ್ಮಿತು. ಹಿಂದಿನಿಂದ ಕಾಡಿಗೆಯಂಥ ಕಪ್ಪು ಹೊಗೆ. ನಂದನ ಬದಿಗೆ ತರುವಷ್ಟರಲ್ಲಿ ಗಾಡಿ ಎರಡು ಸಲ ಜಗ್ಗಿ ಸತ್ತು ನಿಂತಿತು.

ನಂದನ ಸ್ಟೇರಿಂಗ್‌ನಿಂದ ಕೈ ತೆಗೆದು, "ಘಟ್ಟ ಇನ್ನೂ ಎಲ್ಲೋ ಇದೆ. ಸಪಾಟು ರಸ್ತೆಯಲ್ಲೇ ನಿಂತಿತು," ಎಂದ. ಗೆದ್ದವನ ದನಿ ಅದಲ್ಲ. ಅದಕ್ಕೇ ವೆಂಕಮ್ಮನಿಗೆ ಇನ್ನೂ ಸಂಕಟವಾಯಿತು.

ಬಾನೆಟ್ ಎತ್ತಿದರು. ಕೆರಿಯ ಒಂದು ಪ್ಲಗ್ ಬಿಚ್ಚಿ ಮೂಸಿದ. "ಹಸಿ ಪೆಟ್ರೋಲ್. ಮಿತಿ ಇಲ್ಲದೆ ಕುಡಿಸ್ತಾ ಇದೆ ನಿನ್ನ ಪೆಟ್ಟಿಗೆ."

"ಎಂಜಿನ್ ತಣ್ಣಗಿದೆ ಅಂತ ತೋರಿಸ್ತಾ ಇದೆ ಅಜ್ಜಾ. ಹತ್ತು ಡಿಗ್ರಿ ಅಂತೆ! ತಣ್ಣಗಿದೆ ಅಂದ್ಕೊಂಡು ಹೆಚ್ಚು ಹೆಚ್ಚು ಬಿಡ್ತಾ ಇದೆ."

ಕೆರಿಯ ಎಂಜಿನ್ ಮೇಲೆ ಕೈ ಇಟ್ಟು ಚಟ್ಟನೆ ತೆಗೆದ. "ತಣ್ಣಗಾ? ದೋಸೆ ಹೊಯ್ಯಬಹುದು ಇದರ ಮೇಲೆ!"

ರಕ್ಷಿತಾ ಸೆನ್ಸರ್ ಬದಲಿಸಿದಳು. ಹಾಗೇ ಇತ್ತು. ವಯರಿನ ಗಂಟುಗಳನ್ನೆಲ್ಲ ಎಳೆದು ನೋಡಿದಳು, ಒಂದೂ ಸಡಿಲವಿಲ್ಲ. ಅರ್ಧ ಗಂಟೆ ಕಳೆಯಿತು. ಅವಳ ಹಣೆಯ ಬೆವರು ಮೂಗಿನ ಮೇಲೆ ಇಳಿದು ಗ್ರೀಸಿನ ಗೆರೆ ಎಳೆಯಿತು. ನಂದನ ಫೋನ್ ತೆಗೆದು ಅಂಗಳದಷ್ಟು ದೂರ ಹೋಗಿ, ಎಳೆದೊಯ್ಯುವ ಗಾಡಿ ಸಿಗುತ್ತದಾ ಎಂದು ಯಾರನ್ನೋ ಕೇಳುತ್ತಿದ್ದ.

"ಹೀಂಗೆ ಸುಳ್ಳು ಲೆಕ್ಕ ತೋರಿಸಿದ್ರೆ ಅರ್ಥ್ ಕೆಟ್ಟಿರಬೇಕು, ಕರೆಂಟು ತಿರುಗಿ ಹೋಗುವ ವಯರು," ಎಂದಳು ರಕ್ಷಿತಾ, ಅಜ್ಜನಿಗೆ. "ಆದ್ರೆ ನಾನೇ ಬಣ್ಣ ಎಲ್ಲ ಕೆರೆದು, ಬರೀ ಕಬ್ಬಿಣಕ್ಕೆ ಕೂಡ್ಸಿದ್ದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ರೆ ಸಾಕು. ಅದು ಹೋಗೂದಿಲ್ಲ."

ವೆಂಕಮ್ಮನ ಕೈಯಲ್ಲಿದ್ದ ಅವಲಕ್ಕಿ ಡಬ್ಬಿ ಭಾರವಾಯಿತು. "ಯಾವ ಕಬ್ಬಿಣ?"

"ಇಲ್ಲೇ ಹಿಂದೆ ಅಮ್ಮಮ್ಮಾ, ಈ ದಪ್ಪ ಕಪ್ಪು ವಯರು."

ಡಬ್ಬಿಯನ್ನು ರೋಹಿಣಿಯ ಕೈಗೆ ಕೊಟ್ಟು ವೆಂಕಮ್ಮ ಗಾಡಿಯಿಂದ ಇಳಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗಿ ಸೋತಳು ಎಂದಾಗುತ್ತಿತ್ತು, ಅಷ್ಟೆ.

"ನಂದಾ, ಫೋನ್ ಇಡು," ಎಂದು ಕೂಗಿದಳು. "ಗಾಡಿ ನಿಲ್ಲಿಸಿದ್ದು ನಾನು."

"ನೀ ಹಿಂದೆ ಮಂಚದ ಮೇಲೆ ಕೂತಿದ್ಯಲ್ಲೇ ಅಬ್ಬೇ!"

"ಹಬ್ಬಕ್ಕೆ ಮುಂಚೆ ಗೇರೆಣ್ಣೆ ಹಚ್ಚಿದೆ. ಅಲ್ಲಿ ಬೆಳ್ಳಗೆ ಬಿಟ್ಟಿದ್ದಾಳೆ, ತುಕ್ಕು ಹಿಡೀತದೆ ಅಂತ ಬೋಲ್ಟು ಬಿಚ್ಚಿ ಅಡಿಗೂ ಹಚ್ಚಿದೆ."

ಕೆರಿಯ ಹೆಂಡತಿಯನ್ನು ಬಾಯಿ ತೆರೆದು ನೋಡಿದ. "ಬೋಲ್ಟು ಬಿಚ್ಚಿ?"

"ಹದಿಮೂರರ ಪಾನದಲ್ಲಿ."

ರಕ್ಷಿತಾ ಆಗಲೇ ಬೋಲ್ಟು ತಿರುಗಿಸಿ ವಯರಿನ ಬಳೆ ಎತ್ತಿದ್ದಳು. ಎಂಜಿನ್ನಿನ ಬಿಸಿಗೆ ಗೇರೆಣ್ಣೆ ಬೆಂದು, ತೊಟ್ಟಿಲಿಗೆ ಹಚ್ಚಿದ ಮೆರುಗೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಉಗುರಿಗೂ ಬಾರದು.

"ಕರೆಂಟಿಗೆ ರಸ್ತೆ ಬಂದ್ ಮಾಡಿಟ್ಟಿದ್ದೀಯಲ್ಲೇ ಅಮ್ಮಮ್ಮಾ!" ಎಂದು ಹುಡುಗಿ ನಕ್ಕಳು. ಅಳುವಿಗೆ ಹ‌ತ್ತಿರದ ನಗು. "ಎಷ್ಟು ಚೆಂದ ಹಚ್ಚಿದ್ದೀ!"

"ಹಚ್ಚಿದ್ರೆ ಸರಿಯಾಗೇ ಹಚ್ಚಬೇಕಲ್ಲ," ಎಂದಳು ವೆಂಕಮ್ಮ. ಆಮೇಲೆ ಮಗನ ಎದುರು ಹೋಗಿ ನಿಂತಳು. "ಅವಳ ಕೆಲಸ ಸರಿ ಇತ್ತು. ಕೆಡಿಸಿದ್ದು ನಾನು. ನನ್ನ ತಪ್ಪಿಗೆ ಅವಳನ್ನ ಕೌಂಟರಿನಲ್ಲಿ ಕೂರಿಸ್ತ್ಯಾ? ಹೇಳು."

ನಂದನ ಫೋನನ್ನು ಕೈಯಲ್ಲಿ ಎರಡು ಸಲ ತಿರುಗಿಸಿದ. ತಾಯಿ ತನ್ನ ಎದುರು ಹೀಗೆ ನಿಂತದ್ದು ಅವನಿಗೆ ನೆನಪಿರಲಿಲ್ಲ. "ಸರಿ ಮಾಡಿ. ಘಟ್ಟ ಇನ್ನೂ ಬಂದಿಲ್ಲ," ಎಂದ.

ಆಮೇಲಿನ ಕೆಲಸಕ್ಕೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ವೆಂಕಮ್ಮ ಸೌತೆಕಾಯಿ ಹೆಚ್ಚಲು ತಂದಿದ್ದ ಚಾಕುವಿನಿಂದ ತಾನು ಹಚ್ಚಿದ್ದನ್ನು ತಾನೇ ಕೆರೆದಳು. ರಕ್ಷಿತಾ ಉಜ್ಜುಕಾಗದ ಹಿಡಿದು ಮತ್ತೆ ಬೆಳ್ಳಗೆ ಮಾಡಿದಳು. ಕೆರಿಯ ರಸ್ತೆ ಬದಿಗೆ ಕುಕ್ಕರುಗಾಲಿನಲ್ಲಿ ಕೂತು ಮಸಿ ಹಿಡಿದ ಆರೂ ಪ್ಲಗ್ಗುಗಳನ್ನು ತಂತಿ ಬ್ರಶ್ಶಿನಿಂದ ತಿಕ್ಕಿದ. ಆ ಕೆಲಸದಲ್ಲಿ ಅವನ ಕೈಯನ್ನು ಮೀರಿಸುವವರಿಲ್ಲ. ರೋಹಿಣಿ ಎಲ್ಲರ ಬಾಯಿಗೂ ಅವಲಕ್ಕಿ ಹಾಕಿದಳು, ಯಾರ ಕೈಯೂ ತಿನ್ನುವ ಹಾಗಿರಲಿಲ್ಲ.

ಕೀ ತಿರುಗಿತು. ಜುಂಯ್. ಎಂಜಿನ್ ಬಂತು. ರೋಹಿಣಿ ಲ್ಯಾಪ್‌ಟಾಪಿಗೆ ಮುಖ ಹಚ್ಚಿ ಕೂಗಿದಳು. "ಎಪ್ಪತ್ತೊಂಬತ್ತು ಅಂತ ಬಂತು! ಇದು ಸರಿಯಾ?"

"ಸರಿ ಆಯೀ! ನೀನೇ ಓದ್ತಾ ಇರು. ತೊಂಬತ್ತೈದು ದಾಟಿದ್ರೆ ಕೂಗು."

ಯಲ್ಲಾಪುರದಲ್ಲಿ ಪೆಟ್ರೋಲ್ ಹಾಕಿಸಿ ಅರಬೈಲು ಇಳಿದರು. ಕೆಳಗೆ ಹೋಟೆಲಿನ ಎದುರು ಗಾಡಿ ತಿರುಗಿಸಿದಾಗ ಹನ್ನೊಂದೂವರೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ನಂದನ ಬೇಕೆಂದೇ ಅದೇ ಹೊತ್ತು ಆರಿಸಿದ್ದ. ಎರಡನೇ ಗೇರಿಗೆ ಇಳಿಸಿ ಕಾಲು ಒತ್ತಿದ.

ಗಾಡಿ ಏರತೊಡಗಿತು. ಮೊದಲ ತಿರುವು. ಎರಡನೇ ತಿರುವು. ಸರಕು ತುಂಬಿದ ದೊಡ್ಡ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು.

"ಎಂಬತ್ತಾರು!" ರೋಹಿಣಿ ಕೂಗಿದಳು. "ಎಂಬತ್ತೆಂಟು! ನೋಡ್ರೀ, ಎಂಬತ್ತೆಂಟರಲ್ಲೇ ನಿಂತಿದೆ!"

ಮೊದಲೆಲ್ಲ ವೆಂಕಮ್ಮ ಚೆಂಬು ಹಿಡಿದು ಇಳಿಯುತ್ತಿದ್ದ ಜಾಗ ಬಂತು. ಎಡಕ್ಕೆ ಬಂಡೆ, ಬಲಕ್ಕೆ ಕಮರಿ. ಅವಳ ಕಾಲು ತಾನಾಗೇ ಇಳಿಯಲು ಸಜ್ಜಾಯಿತು. ಕೆರಿಯ ಮುಂದಿನಿಂದ ತಿರುಗಿ ಅವಳ ಮುಖ ನೋಡಿದ. ಗಾಡಿ ಆ ಬಂಡೆಯನ್ನು ಹಿಂದೆ ಹಾಕಿತು. ಕೆರಿಯ ಡ್ಯಾಶ್‌ಬೋರ್ಡನ್ನು ದನದ ಬೆನ್ನು ತಟ್ಟುವ ಹಾಗೆ ತಟ್ಟಿದ.

ಇನ್ನು ಎರಡೇ ತಿರುವು ಇರುವಾಗ ರಸ್ತೆ ಬದಿಯಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪು ಬಾನೆಟ್ ತೆರೆದು ನಿಂತಿತ್ತು. ಬಿಳಿ ಪಂಚೆಯ ಒಬ್ಬರು ಪೆಟ್ರೋಲ್ ಪಂಪಿಗೆ ಒದ್ದೆ ಟವೆಲ್ ಸುತ್ತುತ್ತಿದ್ದರು. ಒಳಗೆ ಹೆಂಡತಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು. ಕೆಟ್ಟು ನಿಂತ ಗಾಡಿ ಕಂಡರೆ ನಂದನ ಮುಂದೆ ಹೋಗುವವನಲ್ಲ. ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಟೆಂಪೋದ ರೂಢಿಯಲ್ಲಿ ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟ.

"ಅಪ್ಪಾ! ಎಂತ ಮಾಡ್ದೆ!" ರಕ್ಷಿತಾ ಕಿರುಚಿದಳು.

"ಅಯ್ಯೋ," ಎಂದ ನಂದನ.

ಕಾದ ಎಂಜಿನ್ನನ್ನು ಏರಿನ ನಡುವೆ ಆರಿಸಿದರೆ ಏನಾಗುತ್ತದೆ ಎಂದು ಆ ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಳೆಯ ಕಾಲದಲ್ಲಾಗಿದ್ದರೆ ಪೆಟ್ರೋಲ್ ಕುದಿದು, ಅದು ಆರುವ ತನಕ ಒಂದು ಗಂಟೆ ಕೂರಬೇಕು.

"ಈಗಲೇ ಕೀ ಕೊಡಬೇಡ," ಎಂದ ಕೆರಿಯ ಇದ್ದಕ್ಕಿದ್ದ ಹಾಗೆ. "ಹತ್ತು ನಿಮಿಷ ಬಿಡು. ಬಿಸಿ ಎಲ್ಲ ಮೇಲೆ ಏರಲಿ. ಬಂದ್ರೆ ಆಗ ಬರಬೇಕು."

"ಅಜ್ಜಾ, ನೀ ಯಾರ ಕಡೆ?"

"ನಿನ್ನ ಕಡೆಯೇ. ಅದಕ್ಕೇ ಹೇಳ್ತಾ ಇದ್ದೆ."

ಇಳಿದರು. ಜೀಪಿನವರು ಉಮ್ಮಚಗಿಯ ಸೀತಾರಾಮ ಹೆಗಡೆಯವರು. "ನೀ ಇಳಿಯಡ, ಬಿಸ್ಲು. ಆನು ನೋಡ್ತೆ," ಎಂದು ಹೆಂಡತಿಗೆ ಹೇಳಿ ಇವರ ಕಡೆ ತಿರುಗಿದರು. "ಎಂತ ಮಾಡೂದು ಮಾರಾಯ್ರೇ, ಅಂಕೋಲೆಯಿಂದ ಬರ್ತಾ ಮೂರನೇ ಸಲ ನಿಂತದ್ದು. ಪೆಟ್ರೋಲ್ ಕುದೀತದೆ." ಕ್ಯಾಂಪ್ ಗಾಡಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಓಹೋ, ಕೆರಿಯಾ! ನಮ್ಮ ಪಂಪ್‌ಸೆಟ್ಟಿಗೆ ಬರ್ತಿದ್ಯಲ್ಲ ಇದರಲ್ಲಿ! ಇದೂ ಕೆಟ್ಟು ನಿಂತ್ತಾ?"

"ಇಲ್ಲ ಒಡೆಯಾ," ಎಂದ ಕೆರಿಯ. "ನಿಲ್ಲಿಸಿದ್ದು."

ಹತ್ತು ನಿಮಿಷವನ್ನು ರೋಹಿಣಿ ಮೊಬೈಲಿನಲ್ಲಿ ನೋಡಿ ಎಣಿಸಿದಳು. ನಂದನ ಹತ್ತಿ ಕೂತ. ಕೀಗೆ ಕೈ ಹಾಕಿದವನು ತೆಗೆದು, ಕಿಟಕಿಯಿಂದ ಮಗಳನ್ನು ಕರೆದ. "ಬಾ. ನೀನೇ ಕೊಡು."

ರಕ್ಷಿತಾ ಕಿಟಕಿಯಿಂದಲೇ ಕೈ ಹಾಕಿ ತಿರುಗಿಸಿದಳು. ಪಂಪು ಜುಂಯ್ ಎಂದಿತು. ಸ್ಟಾರ್ಟರ್ ಪೂರ್ತಿ ಒಂದು ಸುತ್ತೂ ತಿರುಗಿರಲಿಕ್ಕಿಲ್ಲ. ಆರು ಸಿಲಿಂಡರೂ ಒಟ್ಟಿಗೆ ಗುಂಯ್ಯೆಂದವು. ವೆಂಕಮ್ಮ ಎಂಜಿನ್ ಸದ್ದಿಗಿಂತ ಜೋರಾಗಿ ಕೂಗಿದ್ದು ಅವಳಿಗೇ ಆಮೇಲೆ ತಿಳಿಯಿತು. ಮೇಲೆ ಹೋಗುತ್ತಿದ್ದ ಲಾರಿಯವನು ಏನೂ ಗೊತ್ತಿಲ್ಲದೆ ಹಾರ್ನ್ ಹೊಡೆದು ಕೈ ಬೀಸಿದ.

ಹೆಗಡೆಯವರು ಟವೆಲ್ ಹಿಡಿದುಕೊಂಡೇ ಹತ್ತಿರ ಬಂದರು. "ಇಷ್ಟು ಬಿಸಿಯಲ್ಲಿ? ಒಂದೇ ಕೀಗೆ? ಎಂತ ಮಾಡಿದ್ದು ಇದಕ್ಕೆ?"

ಕೆರಿಯ ಮೊಮ್ಮಗಳ ಕಡೆ ಕೈ ತೋರಿಸಿದ. "ಅವಳನ್ನ ಕೇಳಿ. ನಂಗೆ ಪೈಪಿನ ಕೆಲಸ ಅಷ್ಟೇ."

"ತಂಗೀ, ನನ್ನ ಜೀಪಿಗೂ ಇದು ಆಗ್ತದಾ?"

"ಆಗ್ತದೆ. ನಿಮ್ಮದು ನಾಲ್ಕೇ ಸಿಲಿಂಡರು, ಇನ್ನೂ ಸುಲಭ."

"ಎಲ್ಲಿಗೆ ತರಬೇಕು?"

ರಕ್ಷಿತಾ ಬಾಯಿ ತೆರೆದವಳು ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು. ವೆಂಕಮ್ಮನೂ ನೋಡಿದಳು. ರೋಹಿಣಿ ಮೊಬೈಲಿನಿಂದ ತಲೆ ಎತ್ತಿದಳು.

ನಂದನ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ರಸ್ತೆಯನ್ನೇ ನೋಡುತ್ತ ಹೇಳಿದ. "ಸಿರ್ಸಿಯಿಂದ ಹುಬ್ಬಳ್ಳಿ ರಸ್ತೆ ಹಿಡೀರಿ. ಎಕ್ಕಂಬಿ ಬಸ್ ಸ್ಟ್ಯಾಂಡ್ ದಾಟಿ ಎಡಕ್ಕೆ ಮಣ್ಣು ರಸ್ತೆ. ದೊಡ್ಡ ತಗಡಿನ ಶೆಡ್. ರಕ್ಷಿತಾ ಗ್ಯಾರೇಜ್ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ."

"ನಾಳೆಯೇ ತರಲಾ?"

"ನಾಳೆ ಬೇಡ," ಎಂದಳು ರಕ್ಷಿತಾ. "ಸೋಮವಾರ ತನ್ನಿ. ಶೆಡ್ಡಲ್ಲಿ ಮತ್ತೊಂದು ಗಾಡಿಗೆ ಜಾಗ ಇಲ್ಲ, ಮಾಡ್ಬೇಕು."

"ಭಾನುವಾರ ನಂಗೆ ರಜೆ," ಎಂದ ನಂದನ. "ಜಾಗ ನಾ ಮಾಡಿಕೊಡ್ತೆ. ಹತ್ತಿ ಎಲ್ಲರೂ, ಇನ್ನೂ ಎರಡು ತಿರುವು ಇದೆ."